ತೈಲದ ಬೆಲೆಯೂ ಮುಸ್ಲಿಂ ರಾಷ್ಟ್ರಗಳ ವ್ಯಾಪಾರವೂ: ಒಂದೇ ಬೆಳೆ ನಂಬಿದವರಿಂದ ನಾವು ಕಲಿಯಬೇಕಾದ ಪಾಠ



ಕಾಫಿ ಹಾಗೂ ಅಡಿಕೆಯ ಧಾರಣೆಯನ್ನು ನಾವು ದಿನವೂ ವಿಚಾರಿಸುತ್ತೇವೆ. ಕಚ್ಚಾ ತೈಲದ ಧಾರಣೆಯನ್ನು ವಿಚಾರಿಸುವವರು ನಮ್ಮಲ್ಲಿ ವಿರಳ. ಆದರೆ ಪಂಪುಸೆಟ್ಟಿಗೆ ಹಾಕುವ ಡೀಸೆಲ್, ತೋಟಕ್ಕೆ ಹಾಕುವ ಯೂರಿಯಾ, ಕಾಫಿ ಸಾಗಿಸುವ ಹಡಗಿನ ಬಾಡಿಗೆ, ಕೊಲ್ಲಿ ದೇಶದಲ್ಲಿ ದುಡಿಯುವ ಮಗ ಊರಿಗೆ ಕಳುಹಿಸುವ ಹಣ, ಇವೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಆ ಧಾರಣೆಗೆ ಕಟ್ಟುಬಿದ್ದಿವೆ. ಆದುದರಿಂದ ಈ ಸಂಚಿಕೆಯಲ್ಲಿ ತೋಟದ ಬೇಲಿಯಿಂದ ತುಸು ಆಚೆಗೆ ನೋಡುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

ಜಗತ್ತಿಗೆ ತೈಲ ಮಾರುವ ದೊಡ್ಡ ದೇಶಗಳಲ್ಲಿ ಹಲವು ಮುಸ್ಲಿಮರು ಬಹುಸಂಖ್ಯಾತರಾಗಿರುವ ದೇಶಗಳು. ಸೌದಿ ಅರೇಬಿಯಾ, ಇರಾಕ್, ಕುವೈತ್, ಸಂಯುಕ್ತ ಅರಬ್ ಸಂಸ್ಥಾನ, ಇರಾನ್, ಅಲ್ಜೀರಿಯಾ, ಲಿಬಿಯಾ, ಕಜಾಕಸ್ತಾನ, ಅಜರ್‌ಬೈಜಾನ್ ಇವುಗಳಲ್ಲಿ ಮುಖ್ಯವಾದವು. ಇಲ್ಲಿ ಧರ್ಮದ ವಿಚಾರ ಪ್ರಸ್ತುತವಲ್ಲ. ನಮಗೆ ಬೇಕಾದದ್ದು ಇವರ ಲೆಕ್ಕಪತ್ರ. ಕಳೆದ 50 ವರ್ಷಗಳಲ್ಲಿ ಈ ದೇಶಗಳು ಕಂಡ ಏಳುಬೀಳು ಒಂದೇ ಬೆಳೆಯ ಮೇಲೆ ನಿಂತ ತೋಟದ ಕಥೆಯಂತೆಯೇ ಇದೆ. ಬೆಲೆ ಬಿದ್ದ ವರ್ಷ ಎಲ್ಲರಿಗೂ ಕಷ್ಟ ಬಂದಿತು. ಆ ಕಷ್ಟದಿಂದ ಯಾರು ಎದ್ದರು, ಯಾರು ಏಳಲಿಲ್ಲ ಎಂಬುದು ಮಾತ್ರ ಅದಕ್ಕೂ ಮೊದಲು, ಬೆಲೆ ಏರಿದ್ದ ವರ್ಷಗಳಲ್ಲೇ ತೀರ್ಮಾನವಾಗಿತ್ತು. ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ.

ಏರಿಳಿತದ ಲೆಕ್ಕ

1960ರ ಸೆಪ್ಟೆಂಬರಿನಲ್ಲಿ ಇರಾನ್, ಇರಾಕ್, ಕುವೈತ್, ಸೌದಿ ಅರೇಬಿಯಾ ಹಾಗೂ ದಕ್ಷಿಣ ಅಮೆರಿಕದ ವೆನೆಜುವೆಲಾ ಬಾಗ್ದಾದಿನಲ್ಲಿ ಸೇರಿ ತೈಲ ರಫ್ತು ರಾಷ್ಟ್ರಗಳ ಸಂಘಟನೆಯನ್ನು ಸ್ಥಾಪಿಸಿದವು. ಅದನ್ನೇ ಒಪೆಕ್ ಎನ್ನುತ್ತೇವೆ. ಅಂದು ತೈಲಕ್ಕೆ ಬೆಲೆ ಕಟ್ಟುತ್ತಿದ್ದವರು ಪಾಶ್ಚಾತ್ಯ ಕಂಪೆನಿಗಳು. ಬೆಳೆದವನ ಕೈಯಲ್ಲಿ ತಕ್ಕಡಿ ಇಲ್ಲದಿದ್ದರೆ ಏನಾಗುತ್ತದೆಂಬುದು ಸಹಕಾರಿಗಳಾದ ನಮಗೆ ಹೇಳಿಕೊಡಬೇಕಾಗಿಲ್ಲ. 1973ರ ಅಕ್ಟೋಬರ್ ಯುದ್ಧದ ಸಮಯದಲ್ಲಿ ಈ ತಕ್ಕಡಿ ಕೈ ಬದಲಾಯಿಸಿತು. ಬ್ಯಾರೆಲಿಗೆ, ಅಂದರೆ ಸುಮಾರು 159 ಲೀಟರಿಗೆ, 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ 1974ರ ಜನವರಿಯ ಹೊತ್ತಿಗೆ 11 ಡಾಲರ್ ಮೀರಿತು. 1979ರ ಇರಾನ್ ಕ್ರಾಂತಿಯ ಬಳಿಕ 30 ಡಾಲರನ್ನೂ ದಾಟಿತು.

ಏರಿದ್ದು ಇಳಿಯಲೇಬೇಕಲ್ಲ. ದುಬಾರಿ ಬೆಲೆಯಿಂದಾಗಿ ಕೊಳ್ಳುವವರು ಮಿತವ್ಯಯ ಕಲಿತರು. ಉತ್ತರ ಸಮುದ್ರ, ಅಲಾಸ್ಕಾ ಮುಂತಾದ ಕಡೆ ಹೊಸ ಬಾವಿಗಳು ತೆರೆದವು. 1986ರಲ್ಲಿ ಬೆಲೆ 10 ಡಾಲರ್ ಸಮೀಪಕ್ಕೆ ಕುಸಿಯಿತು. 1998ರ ಕೊನೆಯಲ್ಲಿ ಮತ್ತೆ ಅದೇ ಮಟ್ಟ. 2008ರ ಜುಲೈಯಲ್ಲಿ 147 ಡಾಲರ್, ಅದೇ ಡಿಸೆಂಬರಿನಲ್ಲಿ 40ಕ್ಕಿಂತ ಕೆಳಗೆ. 2011ರಿಂದ 2014ರ ನಡುವರೆಗೆ 100ರ ಮೇಲೆ, 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ. 2020ರ ಏಪ್ರಿಲ್ 20ರಂದು ಅಮೆರಿಕದ ಪೇಟೆಯಲ್ಲಿ ತೈಲವನ್ನು ಒಯ್ಯುವವರಿಗೇ ಹಣ ಕೊಡಬೇಕಾದ ಸ್ಥಿತಿ ಬಂದಿತ್ತು. ಎರಡೇ ವರ್ಷದಲ್ಲಿ, 2022ರ ಮಾರ್ಚಿನಲ್ಲಿ, ಉಕ್ರೇನ್ ಯುದ್ಧದ ಕಾರಣ 120 ಡಾಲರ್ ಮೀರಿತು.

ನಮ್ಮ ರೊಬಸ್ಟಾ 2001ರ ಕೊನೆಯಲ್ಲಿ ಲಂಡನ್ ಪೇಟೆಯಲ್ಲಿ ಟನ್ನಿಗೆ 400 ಡಾಲರಿಗಿಂತ ಕೆಳಗಿದ್ದು, 2024ರ ಸೆಪ್ಟೆಂಬರಿನಲ್ಲಿ 5,000 ಡಾಲರ್ ದಾಟಿದ್ದನ್ನು ಕಂಡವರಿಗೆ ಈ ಅಂಕಿಗಳು ವಿಚಿತ್ರವೆನಿಸಲಾರವು. ತೈಲವೆಂಬುದೂ ಒಂದು ಫಸಲು. ಒಮ್ಮೆ ಕೊಯ್ದರೆ ಮತ್ತೆ ಚಿಗುರದು ಎಂಬುದಷ್ಟೇ ವ್ಯತ್ಯಾಸ.

ತಮ್ಮತಮ್ಮಲ್ಲಿ ವ್ಯಾಪಾರ ಏಕೆ ಕಡಿಮೆ?

ಮುಸ್ಲಿಂ ರಾಷ್ಟ್ರಗಳಿಗೂ ಒಂದು ಸಂಘವಿದೆ. 1969ರಲ್ಲಿ ಮೊರಾಕ್ಕೋದ ರಬಾತ್‌ನಲ್ಲಿ ಸೇರಿದ ಸಮ್ಮೇಳನದಿಂದ ಹುಟ್ಟಿ, ಇಂದು 57 ಸದಸ್ಯ ದೇಶಗಳಿರುವ ಇಸ್ಲಾಮಿಕ್ ಸಹಕಾರ ಸಂಘಟನೆ. ಇದರ ಕಚೇರಿ ಸೌದಿಯ ಜೆದ್ದಾದಲ್ಲಿದೆ. ಸದಸ್ಯರಿಗೆ ಸಾಲ ಕೊಡಲು 1975ರಲ್ಲಿ ಇಸ್ಲಾಮಿಕ್ ಅಭಿವೃದ್ಧಿ ಬ್ಯಾಂಕು ಅದೇ ಊರಿನಲ್ಲಿ ಕೆಲಸ ಆರಂಭಿಸಿತು. 2005ರ ಡಿಸೆಂಬರಿನಲ್ಲಿ ಮೆಕ್ಕಾದಲ್ಲಿ ಸೇರಿದ ನಾಯಕರು, ಸದಸ್ಯ ದೇಶಗಳ ಒಟ್ಟು ವ್ಯಾಪಾರದಲ್ಲಿ ಪರಸ್ಪರ ವ್ಯಾಪಾರದ ಪಾಲು 2015ರ ಹೊತ್ತಿಗೆ ಶೇಕಡಾ 20 ಆಗಬೇಕೆಂದು ಗುರಿಯಿಟ್ಟರು. ಆ ಮಟ್ಟದ ಸಮೀಪಕ್ಕೆ ಬಂದದ್ದು ನಿಜ. ಆದರೆ ಐರೋಪ್ಯ ಒಕ್ಕೂಟದ ದೇಶಗಳು ತಮ್ಮ ವ್ಯಾಪಾರದ ಅರ್ಧಕ್ಕೂ ಹೆಚ್ಚನ್ನು ತಮ್ಮತಮ್ಮಲ್ಲೇ ನಡೆಸುತ್ತವೆ. ಅದಕ್ಕೆ ಹೋಲಿಸಿದರೆ ಐದನೆಯ ಒಂದು ಪಾಲು ಅಲ್ಪವೇ.

ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಊರಿನವರೆಲ್ಲರೂ ಅಡಿಕೆಯನ್ನೇ ಬೆಳೆದರೆ ನೆರೆಯವರು ಒಬ್ಬರಿಗೊಬ್ಬರು ಮಾರುವುದಾದರೂ ಏನನ್ನು? ಕುವೈತ್ ಇರಾಕಿಗೆ ತೈಲ ಮಾರಲಾರದು. ಇರಾಕ್ ಸೌದಿಗೆ ಮಾರಲಾರದು. ಕೊಲ್ಲಿಯ ತೈಲ ಬಹುಪಾಲು ಹೋಗುವುದು ಚೀನಾ, ಭಾರತ, ಜಪಾನ್, ದಕ್ಷಿಣ ಕೊರಿಯಾಗಳಿಗೆ. ಅವರಿಗೆ ಬೇಕಾದ ಯಂತ್ರ, ಮೋಟಾರು, ಔಷಧ ಬರುವುದು ಚೀನಾ, ಯೂರೋಪು, ಅಮೆರಿಕಗಳಿಂದ. 2023ರಲ್ಲಿ ಹೊರ್ಮುಜ್ ಜಲಸಂಧಿಯೊಂದರ ಮೂಲಕವೇ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ತೈಲ ಸಾಗುತ್ತಿತ್ತು. ಜಗತ್ತು ಉಪಯೋಗಿಸುವ ತೈಲದ ಐದನೆಯ ಒಂದು ಭಾಗ ಅದು. ಅದರಲ್ಲಿ ಹೆಚ್ಚಿನದು ಪೂರ್ವಕ್ಕೆ ಮುಖ ಮಾಡಿದ ಹಡಗುಗಳಲ್ಲೇ ಇರುತ್ತಿತ್ತು.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಈ 57 ದೇಶಗಳ ಒಟ್ಟು ರಫ್ತು 2012ರ ಸುಮಾರಿಗೆ 2 ಲಕ್ಷ ಕೋಟಿ ಡಾಲರಿಗಿಂತ ಮೇಲಿತ್ತು. 2016ರಲ್ಲಿ ಅದು ಒಂದೂವರೆ ಲಕ್ಷ ಕೋಟಿಗಿಂತ ಕೆಳಗಿಳಿಯಿತು. ಬಾವಿಗಳು ಬತ್ತಿದ್ದವೇ? ಇಲ್ಲ. ತೈಲದ ಪ್ರಮಾಣ ಅಷ್ಟೇ ಇತ್ತು, ಬೆಲೆ ಮಾತ್ರ ಬಿದ್ದಿತ್ತು. ಬೆಲೆ ಬಿದ್ದಾಗ ಪರಸ್ಪರ ವ್ಯಾಪಾರದ ಶೇಕಡಾವಾರು ಪಾಲು ಏರಿದಂತೆ ಕಾಣುವುದೂ ಉಂಟು, ಏಕೆಂದರೆ ಹೊರಗಿನವರಿಗೆ ಮಾರಿದ ತೈಲದ ಮೌಲ್ಯ ತಗ್ಗಿ ಭಾಜಕವೇ ಕುಗ್ಗಿರುತ್ತದೆ. ಶೇಕಡಾವಾರು ಲೆಕ್ಕವನ್ನು ನೋಡಿದ ಕೂಡಲೇ ಸಂತೋಷಪಡಬಾರದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಮೋಖಾ ಬಂದರಿನ ಹಳೆಯ ಪಾಠ

ತೈಲಕ್ಕಿಂತ ಬಹು ಹಿಂದೆ ಇದೇ ಅರಬ್ ನೆಲದಲ್ಲಿ ಇನ್ನೊಂದು ಏಕಸ್ವಾಮ್ಯವಿತ್ತು. ಅದು ನಮ್ಮದೇ ಕಾಫಿ. 16 ಮತ್ತು 17ನೆಯ ಶತಮಾನಗಳಲ್ಲಿ ಜಗತ್ತಿಗೆ ಮಾರಾಟವಾಗುತ್ತಿದ್ದ ಕಾಫಿಯೆಲ್ಲ ಬಹುಮಟ್ಟಿಗೆ ಯೆಮೆನ್ ದೇಶದ ಬೆಟ್ಟಗಳದ್ದು. ಬೈತ್ ಅಲ್ ಫಕೀಹ್ ಎಂಬ ಒಳನಾಡಿನ ಪೇಟೆಯಲ್ಲಿ ವ್ಯಾಪಾರ ಕುದುರಿ, ಮೋಖಾ ಮೊದಲಾದ ಕೆಂಪು ಸಮುದ್ರದ ಬಂದರುಗಳಿಂದ ಸರಕು ಹೊರಡುತ್ತಿತ್ತು. ಕೈರೋದ ವರ್ತಕರು ಯೆಮೆನಿನ ಕಾಫಿಯಿಂದಲೇ ಶ್ರೀಮಂತರಾದರು. ಬಾಬಾ ಬುಡನ್ ಅವರು ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ನಮ್ಮ ನಾಡಿನ ಐತಿಹ್ಯದ ಹಿನ್ನೆಲೆಯೂ ಇದೇ.

ಡಚ್ಚರು 1690ರ ದಶಕದಲ್ಲಿ ಮಲಬಾರ್ ಕರಾವಳಿಯಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಒಯ್ದರು. ಮೊದಲ ಸಸಿಗಳು ಉಳಿಯಲಿಲ್ಲ. 1699ರಲ್ಲಿ ಒಯ್ದವು ಬೇರೂರಿದವು. ಮುಂದಿನ ಕೆಲವೇ ದಶಕಗಳಲ್ಲಿ ಫ್ರೆಂಚರು ಬೂರ್ಬೋನ್ ದ್ವೀಪದಲ್ಲೂ ವೆಸ್ಟ್ ಇಂಡೀಸಿನಲ್ಲೂ ಬೆಳೆಸಿದರು. 18ನೆಯ ಶತಮಾನದ ನಡುವಿಗೆ ವೆಸ್ಟ್ ಇಂಡೀಸಿನ ಅಗ್ಗದ ಕಾಫಿ ಮಾರ್ಸೇಲ್ಸ್ ಬಂದರಿನ ಮೂಲಕ ತುರ್ಕಿ ಸಾಮ್ರಾಜ್ಯದ ಪೇಟೆಗಳಿಗೇ ಬಂದು ಯೆಮೆನಿನ ಕಾಫಿಯ ಮಗ್ಗುಲಲ್ಲಿ ಕುಳಿತಿತು. ಬೇರೆಯವರು ಬೆಳೆಯಲಾರರೆಂದು ನಂಬಿದ್ದ ವಸ್ತುವನ್ನು ಬೇರೆಯವರು ಬೆಳೆದರು. ಅಲ್ಲಿಗೆ ಮೋಖಾದ ವೈಭವ ಮುಗಿಯಿತು. ಇಂದು ಯೆಮೆನಿನ ಬೆಟ್ಟಗಳಲ್ಲಿ ಎಷ್ಟೋ ಕಡೆ ಕಾಫಿಯ ಜಾಗದಲ್ಲಿ ಖಾತ್ ಎಂಬ, ಜಗಿಯುವ ಎಲೆಯ ಗಿಡವಿದೆ.

ನೈಜೀರಿಯಾ ಮತ್ತು ಇಂಡೋನೇಷ್ಯಾ: ಒಂದೇ ಗಾಳಿ, ಎರಡು ಕಣ

ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದಾರೆ. 1973ರಲ್ಲಿ ಬೀಸಿದ ಗಾಳಿಯಲ್ಲಿ ತೂರಿದ ಎರಡು ದೇಶಗಳನ್ನು ಹೋಲಿಸಿ ನೋಡೋಣ. ಎರಡೂ ದೊಡ್ಡ ಜನಸಂಖ್ಯೆಯವು, ಎರಡೂ ಮೂಲತಃ ಕೃಷಿಯವು, ಎರಡೂ ಅಂದು ಸೇನಾಡಳಿತದ ಕೈಯಲ್ಲಿದ್ದವು.

ನೈಜೀರಿಯಾದ ಜನಸಂಖ್ಯೆಯಲ್ಲಿ ಸುಮಾರು ಅರ್ಧ ಮುಸ್ಲಿಮರು. ಅಲ್ಲಿ 1956ರಲ್ಲಿ ತೈಲ ಸಿಕ್ಕಿತು. ಅದಕ್ಕೂ ಮೊದಲು ಉತ್ತರದ ಕಾನೋದಲ್ಲಿ ನೆಲಗಡಲೆ ಮೂಟೆಗಳನ್ನು ಗೋಪುರದಂತೆ ಪೇರಿಸಿಡುತ್ತಿದ್ದರು. ಪಶ್ಚಿಮದಲ್ಲಿ ಕೋಕೋ, ಪೂರ್ವದಲ್ಲಿ ತಾಳೆಎಣ್ಣೆ. 1970ರ ದಶಕದ ನಡುವಿಗೆ ರಫ್ತಿನ ಶೇಕಡಾ 90ಕ್ಕಿಂತ ಹೆಚ್ಚು ತೈಲವೇ ಆಯಿತು. ಡಾಲರು ಹರಿದುಬಂದಂತೆ ಅಲ್ಲಿನ ನಾಣ್ಯ ತುಟ್ಟಿಯಾಗಿ, ರೈತನ ಕೋಕೋ ಮತ್ತು ಕಡಲೆಗೆ ಸಿಗುವ ಹಣ ಕಡಿಮೆಯಾಯಿತು. ಹೊರಗಿನ ಅಕ್ಕಿ ಗೋಧಿ ಅಗ್ಗವಾಯಿತು. ಯುವಕರು ಹೊಲ ಬಿಟ್ಟು ಪಟ್ಟಣ ಸೇರಿದರು. ಬರಗಾಲ ಮತ್ತು ಗಿಡದ ರೋಗ ಉಳಿದದ್ದನ್ನು ಮಾಡಿದವು. ಕಾನೋದ ಗೋಪುರಗಳು ಕಾಣೆಯಾದವು. 1975ರಲ್ಲಿ ಸರಕಾರದವರು ಬಂದರಿನ ಶಕ್ತಿಯನ್ನೇ ನೋಡದೆ ಸುಮಾರು 2 ಕೋಟಿ ಟನ್ ಸಿಮೆಂಟು ತರಿಸಲು ಒಪ್ಪಂದ ಮಾಡಿಕೊಂಡ ಪರಿಣಾಮವಾಗಿ ಲಾಗೋಸ್ ಬಂದರಿನೆದುರು ನೂರಾರು ಹಡಗುಗಳು ತಿಂಗಳುಗಟ್ಟಲೆ ಕಾದು ನಿಂತವು. ಕಾದ ದಿನಕ್ಕೆಲ್ಲ ದಂಡ ತೆತ್ತದ್ದು ತೈಲದ ಹಣವೇ.

ಇಂಡೋನೇಷ್ಯಾವು ಮುಸ್ಲಿಮರ ಸಂಖ್ಯೆ ಅತ್ಯಂತ ಹೆಚ್ಚಿರುವ ದೇಶಗಳಲ್ಲಿ ಒಂದು. 1962ರಲ್ಲಿ ಒಪೆಕ್ ಸೇರಿತು. ಅಲ್ಲಿಯೂ ಎಲ್ಲವೂ ಸರಿಯಿತ್ತೆನ್ನುವಂತಿಲ್ಲ. ಸರಕಾರದ ತೈಲ ಸಂಸ್ಥೆ ಪೆರ್ತಮಿನಾ 1975ರಲ್ಲಿ ಸಾಲ ತೀರಿಸಲಾಗದೆ ದೇಶವನ್ನೇ ಸಂಕಟಕ್ಕೆ ತಳ್ಳಿತು. ಅಧ್ಯಕ್ಷ ಸುಹಾರ್ತೋ ಅವರ ಆಡಳಿತದ ಸ್ವಜನಪಕ್ಷಪಾತ, ಭ್ರಷ್ಟಾಚಾರಗಳು ಜಗತ್ತಿಗೇ ಗೊತ್ತು. ಆದರೂ ತೈಲದ ಹಣದ ಒಂದು ದೊಡ್ಡ ಪಾಲು ಹಳ್ಳಿಗೆ ಹೋಯಿತು. 1973ರಿಂದ ಐದಾರು ವರ್ಷಗಳಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿದರು. ಅನಿಲದಿಂದ ಯೂರಿಯಾ ತಯಾರಿಸಿ ರಿಯಾಯಿತಿ ದರದಲ್ಲಿ ರೈತರಿಗೆ ಕೊಟ್ಟರು, ನಾಲೆಗಳನ್ನು ದುರಸ್ತಿ ಮಾಡಿದರು. ಜಗತ್ತಿನಲ್ಲೇ ಅತಿ ಹೆಚ್ಚು ಅಕ್ಕಿ ಆಮದು ಮಾಡುತ್ತಿದ್ದ ದೇಶಗಳಲ್ಲಿ ಒಂದಾಗಿದ್ದ ಇಂಡೋನೇಷ್ಯಾ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬನೆ ಸಾಧಿಸಿತು.

ಇನ್ನೂ ಒಂದು ಮುಂದಾಲೋಚನೆ ನಮಗೆ ವಿಶೇಷವಾಗಿ ಹೇಳತಕ್ಕದ್ದು. 1978ರ ನವೆಂಬರಿನಲ್ಲಿ, ಬೊಕ್ಕಸ ತುಂಬಿದ್ದಾಗಲೇ, ಅವರು ತಮ್ಮ ರೂಪಿಯಾದ ಬೆಲೆಯನ್ನು ಇಳಿಸಿದರು. ಡಾಲರಿಗೆ 415 ರೂಪಿಯಾ ಇದ್ದದ್ದು 625 ಆಯಿತು. ಸುಮಾತ್ರದ ರಬ್ಬರ್ ಬೆಳೆಗಾರನೂ ಲಾಂಪುಂಗಿನ ರೊಬಸ್ಟಾ ಬೆಳೆಗಾರನೂ ತೈಲದ ಹಣದ ಪ್ರವಾಹದಲ್ಲಿ ಕೊಚ್ಚಿಹೋಗದೆ ಉಳಿಯಲು ಇದರಿಂದ ಅನುಕೂಲವಾಯಿತು. 1980ರ ದಶಕದ ಆರಂಭದಲ್ಲಿ ರಫ್ತಿನ ಶೇಕಡಾ 80ರಷ್ಟು ತೈಲ ಮತ್ತು ಅನಿಲವೇ ಆಗಿದ್ದರೂ ಹಳೆಯ ಬೆಳೆಗಳ ಬೇರು ಸತ್ತಿರಲಿಲ್ಲ.

1986ರಲ್ಲಿ ಬೆಲೆ ಕುಸಿದಾಗ ಈ ಬೇರು ಕೆಲಸಕ್ಕೆ ಬಂದಿತು. ಅದೇ ಸೆಪ್ಟೆಂಬರಿನಲ್ಲಿ ರೂಪಿಯಾವನ್ನು ಮತ್ತೆ ಶೇಕಡಾ 31ರಷ್ಟು ಇಳಿಸಿದರು. ಲಂಚಕ್ಕೆ ಹೆಸರಾಗಿದ್ದ ಸುಂಕದ ಇಲಾಖೆಯ ತಪಾಸಣೆಯ ಕೆಲಸವನ್ನು ಅದರ ಹಿಂದಿನ ವರ್ಷವೇ ಸ್ವಿಟ್ಜರ್‌ಲೆಂಡಿನ ಒಂದು ಸಂಸ್ಥೆಗೆ ವಹಿಸಿದ್ದರು. ಬಟ್ಟೆ, ಪ್ಲೈವುಡ್, ರಬ್ಬರ್, ಕಾಫಿ, ಸಿಗಡಿ ಮುಂತಾದವುಗಳ ರಫ್ತು ಬೆಳೆದು, 1987ರಲ್ಲಿ ತೈಲೇತರ ರಫ್ತು ತೈಲದ ರಫ್ತನ್ನು ಮೀರಿತು. 2004ರ ಸುಮಾರಿಗೆ ಇಂಡೋನೇಷ್ಯಾ ತೈಲವನ್ನು ಆಮದು ಮಾಡಿಕೊಳ್ಳುವ ದೇಶವೇ ಆಯಿತು, ಮುಂದೆ ಒಪೆಕ್‌ನಿಂದಲೂ ಹೊರಬಂದಿತು. ಬಾವಿ ಬತ್ತುವ ಮೊದಲೇ ಎರಡನೆಯ ಬೆಳೆ ಎದ್ದಿದ್ದರಿಂದ ಮನೆ ನಿಂತಿತು. 1998ರ ಹಣಕಾಸು ಕುಸಿತದಲ್ಲಿ ಪಟ್ಟಣಗಳು ತತ್ತರಿಸಿದಾಗಲೂ ಡಾಲರ್ ಬೆಲೆಯ ಕಾಫಿ, ಕಾಳುಮೆಣಸು, ಕೋಕೋ ಬೆಳೆದ ಹೊರದ್ವೀಪಗಳ ಸಣ್ಣ ರೈತರು ತಕ್ಕಮಟ್ಟಿಗೆ ಚೇತರಿಸಿಕೊಂಡೇ ಇದ್ದರು.

ಮಲೇಷ್ಯಾದ ಮರುನಾಟಿ, ದುಬೈಯ ಬಂದರು

ಸಣ್ಣ ಬೆಳೆಗಾರರು ಗಮನಿಸಬೇಕಾದ ಇನ್ನೊಂದು ದೇಶ ಮಲೇಷ್ಯಾ. ಅಲ್ಲಿನ ಹಳೆಯ ಸಂಪತ್ತು ರಬ್ಬರ್ ಮತ್ತು ತವರ. 1950ರಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ರಬ್ಬರಿಗೆ ಅಪಾರ ಬೆಲೆ ಬಂದಿತು. ಮರಗಳು ಮಾತ್ರ ಮುದಿಯಾಗಿದ್ದವು, ಕೃತಕ ರಬ್ಬರಿನ ಪೈಪೋಟಿಯೂ ಶುರುವಾಗಿತ್ತು. 1952ರಲ್ಲಿ ಒಂದು ಕಾನೂನು ಮಾಡಿ, ರಫ್ತಾಗುವ ರಬ್ಬರಿನ ಮೇಲೆ ಸಣ್ಣ ಕಡಿತ ಹಾಕಿ, ಆ ಹಣವನ್ನು ಮರುನಾಟಿ ಮಾಡುವ ಬೆಳೆಗಾರನಿಗೇ ಹಿಂದಿರುಗಿಸುವ ನಿಧಿ ಕಟ್ಟಿದರು. ಮೊದಮೊದಲು ದೊಡ್ಡ ಎಸ್ಟೇಟುಗಳಿಗೇ ಇದರ ಹೆಚ್ಚಿನ ಲಾಭವಾಯಿತೆಂಬ ದೂರು ಬಂದಿತು, ಅದರಲ್ಲಿ ಸತ್ಯವೂ ಇತ್ತು. ಎರಡೆಕರೆಯವನು ಮರ ಕಡಿದರೆ ಹೊಸ ಗಿಡ ಹಾಲು ಕೊಡುವ ತನಕ ಉಣ್ಣುವುದೇನು? ಕ್ರಮೇಣ ಸಹಾಯಧನ ಹೆಚ್ಚಿಸಿ, ಬೇರೆ ಬೆಳೆ ಹಾಕಲೂ ಅವಕಾಶ ಕೊಟ್ಟರು. 1956ರಲ್ಲಿ ಆರಂಭವಾದ ಫೆಲ್ಡಾ ಎಂಬ ಭೂ ಅಭಿವೃದ್ಧಿ ಸಂಸ್ಥೆ ಭೂಹೀನರನ್ನು ನೆಲೆಗೊಳಿಸಿ ಮೊದಲು ರಬ್ಬರ್, ಬಳಿಕ ತಾಳೆ ಹಾಕಿಸಿತು. 1972ರಲ್ಲಿ ಪೆನಾಂಗಿನಲ್ಲಿ ತೆರಿಗೆರಹಿತ ಕೈಗಾರಿಕಾ ವಲಯ ತೆರೆದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳನ್ನು ಕರೆದರು. 1974ರಲ್ಲಿ ತೈಲಕ್ಕಾಗಿ ಪೆಟ್ರೋನಾಸ್ ಸ್ಥಾಪಿಸುವ ಹೊತ್ತಿಗೆ ದೇಶದ ಅಂಗಳದಲ್ಲಿ ಬೇರೆ ಬೆಳೆಗಳೂ ಇದ್ದವು.

ದುಬೈಯದು ಇನ್ನೊಂದು ಬಗೆ. 1966ರಲ್ಲಿ ಸಿಕ್ಕಿದ ತೈಲ ಹೆಚ್ಚಿನದಲ್ಲವೆಂದು ಅಲ್ಲಿನ ಆಡಳಿತದವರಿಗೆ ತಿಳಿದಿತ್ತು. ಸಿಕ್ಕ ಹಣವನ್ನು ಬಂದರಿಗೆ ಹಾಕಿದರು. 1979ರಲ್ಲಿ ಜೆಬೆಲ್ ಅಲಿ ಬಂದರು, 1985ರಲ್ಲಿ ಅದರ ಪಕ್ಕದ ಮುಕ್ತ ವಲಯ. ಈಗ ಅಲ್ಲಿನ ಆದಾಯದಲ್ಲಿ ತೈಲದ ಪಾಲು ಅತ್ಯಲ್ಪ. ದುಬೈಯಲ್ಲಿ ಕಾಫಿ ತೋಟವಿಲ್ಲ. ಆದರೂ 2019ರಲ್ಲಿ ಅಲ್ಲೊಂದು ಕಾಫಿ ಕೇಂದ್ರ ತೆರೆದು, ಬೇರೆಯವರ ಕಾಫಿಯನ್ನು ದಾಸ್ತಾನು ಮಾಡಿ, ಹುರಿದು, ಪ್ಯಾಕ್ ಮಾಡಿ ಮಾರುವ ವ್ಯವಸ್ಥೆ ಮಾಡಿದ್ದಾರೆ. ಬೆಳೆಯುವವನಿಗಿಂತ ಸಂಸ್ಕರಿಸಿ ಮಾರುವವನಿಗೆ ಬೆಲೆಯ ಏರಿಳಿತ ಕಡಿಮೆ ತಾಗುತ್ತದೆ ಎಂಬುದನ್ನು ನಾವು ಮರೆಯಬಾರದು.

ಆಪದ್ಧನ ನಿಧಿಯ ಮಹತ್ವ

ಪ್ರತಿ ಸಹಕಾರ ಸಂಘವೂ ಲಾಭದ ಒಂದು ಪಾಲನ್ನು ಆಪದ್ಧನ ನಿಧಿಗೆ ಸೇರಿಸುತ್ತದೆ. ಅದನ್ನು ಹಂಚಿಬಿಡಬಾರದೇಕೆ ಎಂದು ಕೆಲವು ಸದಸ್ಯರು ಕೇಳುವುದುಂಟು. ಅವರಿಗೆ ಕುವೈತಿನ ಉದಾಹರಣೆ ಸಾಕು. 1976ರಲ್ಲಿ ಆ ದೇಶ ಮುಂದಿನ ತಲೆಮಾರುಗಳ ನಿಧಿಯನ್ನು ಕಾನೂನಿನ ಮೂಲಕ ಸ್ಥಾಪಿಸಿ, ಆದಾಯದ ಶೇಕಡಾ 10ನ್ನು ವರ್ಷ ವರ್ಷವೂ ಅದಕ್ಕೆ ಹಾಕತೊಡಗಿತು. 1990ರ ಆಗಸ್ಟಿನಲ್ಲಿ ಇರಾಕ್ ಸೇನೆ ಕುವೈತನ್ನು ಆಕ್ರಮಿಸಿ, ಮುಂದೆ ತೈಲಬಾವಿಗಳಿಗೆ ಬೆಂಕಿಯಿಟ್ಟಾಗ, ದೇಶಭ್ರಷ್ಟ ಸರಕಾರವೂ ಅದರ ಪ್ರಜೆಗಳೂ ಬದುಕಿದ್ದು, ಬಳಿಕ ನಾಡನ್ನು ಮರಳಿ ಕಟ್ಟಿದ್ದು ಹೊರದೇಶದಲ್ಲಿ ಕೂಡಿಟ್ಟ ಹಣದಿಂದ.

ಅಲ್ಜೀರಿಯಾದ ಕಥೆ ಬೇರೆ. ಅಲ್ಲಿ ರಫ್ತಿನ ಶೇಕಡಾ 90ಕ್ಕಿಂತ ಹೆಚ್ಚು ತೈಲ ಮತ್ತು ಅನಿಲವೇ ಆಗಿತ್ತು. 1986ರ ಕುಸಿತದಿಂದ ಅಂಗಡಿಗಳು ಬರಿದಾಗಿ, ಯುವಕರಿಗೆ ಕೆಲಸವಿಲ್ಲದೆ 1988ರ ಅಕ್ಟೋಬರಿನಲ್ಲಿ ದಂಗೆಯಾಯಿತು. ಮುಂದಿನ ದಶಕದ ರಕ್ತಪಾತಕ್ಕೆ ಅದು ಪೀಠಿಕೆಯಾಯಿತು. 2000ದಲ್ಲಿ ಅವರೂ ಒಂದು ನಿಧಿ ಸ್ಥಾಪಿಸಿದರು. 2014ರ ಬಳಿಕ ಬೆಲೆ ಇಳಿದಾಗ ಅದರಿಂದ ತೆಗೆದು ತೆಗೆದು 2017ರಲ್ಲಿ ತಳ ಕಂಡರು. ನಿಧಿ ಕಾಲಾವಕಾಶವನ್ನಷ್ಟೇ ಕೊಡುತ್ತದೆ. ಆ ಅವಕಾಶದಲ್ಲಿ ಎರಡನೆಯ ಬೆಳೆ ಹಾಕದಿದ್ದರೆ ಎಷ್ಟು ದೊಡ್ಡ ನಿಧಿಯೂ ಕರಗುತ್ತದೆ.

ಸೌದಿಯೂ ಇದನ್ನು ಅನುಭವಿಸಿತು. 2014ರಲ್ಲಿ 70,000 ಕೋಟಿ ಡಾಲರ್ ಮೀರಿದ್ದ ಅದರ ವಿದೇಶೀ ಮೀಸಲು 2017ರ ಹೊತ್ತಿಗೆ 50,000 ಕೋಟಿಯ ಆಸುಪಾಸಿಗೆ ಬಂದಿತು. 2016ರ ಏಪ್ರಿಲಿನಲ್ಲಿ ತೈಲದ ಮೇಲಿನ ಅವಲಂಬನೆ ತಗ್ಗಿಸುವ ‘ವಿಷನ್ 2030’ ಯೋಜನೆ ಪ್ರಕಟವಾಯಿತು. ತೆರಿಗೆಯೆಂದರೆ ಅರಿಯದ ಆ ದೇಶದಲ್ಲಿ 2018ರ ಜನವರಿಯಿಂದ ಶೇಕಡಾ 5ರ ಮೌಲ್ಯವರ್ಧಿತ ತೆರಿಗೆ ಬಂದು, 2020ರ ಜುಲೈಯಲ್ಲಿ 15ಕ್ಕೆ ಏರಿತು.

ತೈಲವಿಲ್ಲದವರ ಪಾಡು

ತೈಲವಿಲ್ಲದ ಮುಸ್ಲಿಂ ರಾಷ್ಟ್ರಗಳಿಗೆ ತೈಲದ ಬೆಲೆ ಇಳಿದರೆ ಲಾಭವೇ ತಾನೇ ಎಂದು ಯಾರಾದರೂ ಕೇಳಬಹುದು. ಲೆಕ್ಕ ಅಷ್ಟು ಸುಲಭವಲ್ಲ. ಪಾಕಿಸ್ತಾನ, ಬಾಂಗ್ಲಾದೇಶ, ಈಜಿಪ್ಟ್, ಜೋರ್ಡಾನ್ ದೇಶಗಳ ಲಕ್ಷಾಂತರ ಜನ ಕೊಲ್ಲಿಯಲ್ಲಿ ದುಡಿಯುತ್ತಾರೆ. ತೈಲದ ಬೆಲೆ ಏರಿದರೆ ಅವರ ದೇಶದ ಆಮದಿನ ಖರ್ಚು ಏರುತ್ತದೆ, ಇಳಿದರೆ ಕೆಲವು ಕಾಲದ ಬಳಿಕ ಅವರ ಮನಿಯಾರ್ಡರು ಸೊರಗುತ್ತದೆ. ಬಾಂಗ್ಲಾದೇಶವು ಸಿದ್ಧ ಉಡುಪಿನ ಕೈಗಾರಿಕೆಯನ್ನು ಬೆಳೆಸಿ ತಲೆಯೆತ್ತಿ ನಿಂತಿತು. ಆದರೆ ಅದರ ರಫ್ತಿನಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಉಡುಪೇ ಆಗಿರುವುದರಿಂದ ಅದೂ ಇನ್ನೊಂದು ಬಗೆಯ ಒಂಟಿ ಬೆಳೆಯೇ ಸರಿ. ಮೊರಾಕ್ಕೋ ತನ್ನ ರಂಜಕದ ಕಲ್ಲನ್ನು ಹಾಗೆಯೇ ಮಾರುವುದರ ಬದಲು ಗೊಬ್ಬರ ಮಾಡಿ ಮಾರಲು ಕಲಿತಿದ್ದಲ್ಲದೆ, 2012ರಿಂದ ತಾಂಜಿಯರ್ ಬಂದರಿನ ಬಳಿ ಮೋಟಾರು ತಯಾರಿಸಿ ಯೂರೋಪಿಗೆ ಕಳುಹಿಸುತ್ತಿದೆ.

ನಮ್ಮ ತೋಟಕ್ಕೆ ತಾಗುವ ಬಗೆ

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುತ್ತದೆ. ಯೂರಿಯಾ ತಯಾರಾಗುವುದು ಅನಿಲದಿಂದ. ಆದುದರಿಂದ ಬೆಲೆ ಏರಿದಾಗ ನಮ್ಮ ಖರ್ಚು ಏರುವುದು ಎಲ್ಲರಿಗೂ ಗೊತ್ತು. ಬೆಲೆ ಇಳಿದಾಗಲೂ ನಮಗೆ ನಷ್ಟವಾಗಬಹುದೆಂಬುದನ್ನು ಗಮನಿಸುವವರು ಕಡಿಮೆ.

ನಮ್ಮ ದೇಶದ ಕಾಫಿಯ ಬಹುಭಾಗ ಇಟಲಿ, ಜರ್ಮನಿ ಮುಂತಾದ ಐರೋಪ್ಯ ದೇಶಗಳಿಗೂ ರಷ್ಯಾಕ್ಕೂ ಹೋಗುತ್ತದೆ. ಅವರ ಜೊತೆಗೆ ಟರ್ಕಿ, ಸಂಯುಕ್ತ ಅರಬ್ ಸಂಸ್ಥಾನ, ಜೋರ್ಡಾನ್, ಲಿಬಿಯಾ, ಕುವೈತ್ ಕೂಡ ನಮ್ಮ ಗಿರಾಕಿಗಳು. ಲಿಬಿಯಾದಲ್ಲಿ 2011ರಲ್ಲಿ ಅಂತರ್ಯುದ್ಧವಾಗಿ ದಿನಕ್ಕೆ 16 ಲಕ್ಷ ಬ್ಯಾರೆಲಿನ ಉತ್ಪಾದನೆ ಬಹುತೇಕ ನಿಂತಾಗ ಆ ದೇಶದ ಕೊಳ್ಳುವ ಶಕ್ತಿಯೇ ಹೋಯಿತು. ಗಿರಾಕಿಯ ಜೇಬು ತೈಲದಿಂದ ತುಂಬುವುದಾದರೆ ಆ ಗಿರಾಕಿಗೆ ಮಾರುವವನೂ ತೈಲಕ್ಕೆ ಕಟ್ಟುಬಿದ್ದವನೇ.

ಚಹಾ ಬೆಳೆಗಾರರಿಗೆ ಇದರ ಬಿಸಿ ಹೆಚ್ಚಾಗಿಯೇ ತಾಗಿದೆ. ಅಮೆರಿಕದ ನಿರ್ಬಂಧಗಳಿಂದಾಗಿ ಡಾಲರಿನಲ್ಲಿ ವ್ಯವಹರಿಸಲಾಗದ ಇರಾನಿನ ತೈಲಕ್ಕೆ 2012ರಿಂದ ಭಾರತವು ಇಲ್ಲಿಯ ಬ್ಯಾಂಕೊಂದರಲ್ಲಿ ರೂಪಾಯಿಯಲ್ಲಿ ಹಣ ಜಮಾ ಮಾಡುತ್ತಿತ್ತು. ಆ ರೂಪಾಯಿಯಿಂದ ಇರಾನ್ ನಮ್ಮ ಚಹಾ, ಬಾಸುಮತಿ ಅಕ್ಕಿ, ಔಷಧ ಕೊಳ್ಳುತ್ತಿತ್ತು. 2019ರ ಮೇ ತಿಂಗಳಲ್ಲಿ ತೈಲದ ಆಮದು ನಿಂತಿತು. ಜಮಾ ನಿಂತ ಮೇಲೆ ಖಾತೆ ಕರಗುತ್ತ ಬಂದು, ಮುಂದಿನ ವರ್ಷಗಳಲ್ಲಿ ಇರಾನಿಗೆ ಹೋಗುವ ಚಹಾ ಗಣನೀಯವಾಗಿ ಇಳಿಯಿತು. ಅಸ್ಸಾಮಿನ ಚಹಾ ಬೆಳೆಗಾರನ ಎಲೆಗೂ ಇರಾನಿನ ಬಾವಿಗೂ ಇದ್ದ ನಂಟು ಇಂತಹದು.

ಅಡಿಕೆಯ ವಿಚಾರಕ್ಕೆ ಬಂದರೆ, ಇಂಡೋನೇಷ್ಯಾದ ಜಾಂಬಿ ಮುಂತಾದ ಪ್ರಾಂತ್ಯಗಳ ಸಣ್ಣ ರೈತರೂ ಅಡಿಕೆ ಬೆಳೆಯುತ್ತಾರೆ. ಪಾಕಿಸ್ತಾನ, ಬಾಂಗ್ಲಾದೇಶ, ಇರಾನ್‌ಗಳಿಗೆ ಅವರ ಅಡಿಕೆ ಹೋಗುತ್ತದೆ. ನಮ್ಮ ದೇಶಕ್ಕೂ ಬರುತ್ತದೆ. 2023ರ ಫೆಬ್ರವರಿಯಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿದ್ದರಿಂದ ನಮಗೆ ಒಂದು ಬೇಲಿ ದೊರಕಿದೆ. ಬೇಲಿಯನ್ನು ನಂಬಿ ನಿದ್ದೆ ಮಾಡಿದ ಮೋಖಾದ ಕಥೆ ಈಗಾಗಲೇ ಹೇಳಿದ್ದೇನೆ. ಅದೇ ಮೋಖಾ ಬಾಬೆಲ್ ಮಂದೆಬ್ ಜಲಸಂಧಿಯ ಬಳಿಯಲ್ಲಿದೆ. 2023ರ ನವೆಂಬರಿನಿಂದ ಅಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದಾಗ ಯೂರೋಪಿಗೆ ಹೋಗುವ ನಮ್ಮ ಕಾಫಿ ಆಫ್ರಿಕವನ್ನು ಸುತ್ತುಹಾಕಬೇಕಾಗಿ ಬಂದು, ದಿನಗಳೂ ಬಾಡಿಗೆಯೂ ಹೆಚ್ಚಿದವು.

ಇನ್ನು ನಮ್ಮ ಊರುಗಳ ಸಂಗತಿ. ಮಂಗಳೂರು, ಉಡುಪಿ, ಭಟ್ಕಳ ಸೀಮೆಯ ಎಷ್ಟೋ ಮನೆಗಳು ಕೊಲ್ಲಿಯ ದುಡಿಮೆಯಿಂದ ಎದ್ದಿವೆ. 2016ರಲ್ಲಿ ಸೌದಿಯ ಕಟ್ಟಡ ಕಂಪೆನಿಗಳು ಸಂಬಳ ನಿಲ್ಲಿಸಿದಾಗ ಸಾವಿರಾರು ಭಾರತೀಯರು ಕೈಯಲ್ಲಿ ಕಾಸಿಲ್ಲದೆ ಅಲ್ಲಿ ಸಿಕ್ಕಿಬಿದ್ದರು. ಗಲ್ಫಿನ ಹಣದ ಭರವಸೆಯಲ್ಲಿ ತೋಟದ ಮೇಲೆ ಸಾಲ ಎತ್ತುವವರು ಇದನ್ನು ನೆನಪಿನಲ್ಲಿಡುವುದು ಲೇಸು.

ಸದಸ್ಯರಲ್ಲಿ ಕೆಲವು ವಿನಂತಿಗಳು

ಮೇಲಿನ ವಿವರಗಳಿಂದ ನಾನು ಕಂಡುಕೊಂಡ ಕೆಲವು ಅಂಶಗಳನ್ನು ಸದಸ್ಯರ ಮುಂದಿಡುತ್ತೇನೆ.

ಒಂದನೆಯದಾಗಿ, ಒಳ್ಳೆಯ ಧಾರಣೆಯ ವರ್ಷವನ್ನು ಅಳತೆಗೋಲಾಗಿಟ್ಟುಕೊಂಡು ಸಾಲ ಮಾಡಬಾರದು. ನೈಜೀರಿಯಾ ಸಿಮೆಂಟು ತರಿಸಿದ್ದು ಹಾಗೆಯೇ. ಕಳೆದ ಹತ್ತು ವರ್ಷಗಳಲ್ಲಿ ಕೆಟ್ಟ ಮೂರು ವರ್ಷಗಳ ಸರಾಸರಿಯಲ್ಲಿ ಕಂತು ಕಟ್ಟಲು ಸಾಧ್ಯವೇ ಎಂದು ನೋಡಿ ಆಮೇಲೆ ಅರ್ಜಿಗೆ ಸಹಿ ಹಾಕಿರಿ.

ಎರಡನೆಯದಾಗಿ, ಎರಡನೆಯ ಬೆಳೆಯನ್ನು ಮೊದಲನೆಯದು ಚೆನ್ನಾಗಿರುವಾಗಲೇ ನಿಲ್ಲಿಸಬೇಕು. ಕಾಳುಮೆಣಸು, ಏಲಕ್ಕಿ, ಬಾಳೆ, ಜಾಯಿಕಾಯಿ ಇವು ನಮಗೆ ಹೊಸತಲ್ಲ. ಅಡಿಕೆಗೆ ಧಾರಣೆ ಬಂದಿತೆಂದು ಗದ್ದೆಯನ್ನೆಲ್ಲ ತೋಟ ಮಾಡುವುದು, ಕಾಫಿಗೆ ಬೆಲೆ ಬಂದಿತೆಂದು ಮೆಣಸಿನ ಬಳ್ಳಿಯನ್ನು ಅಲಕ್ಷ್ಯ ಮಾಡುವುದು, ಇವೆರಡೂ ಕಾನೋದ ದಾರಿ. ಎಲೆಚುಕ್ಕಿ, ಹಳದಿ ಎಲೆ ರೋಗಗಳು ಅಡಿಕೆ ತೋಟಗಳನ್ನು ತಿನ್ನುತ್ತಿರುವ ಸಮಯದಲ್ಲಿ ಇದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ.

ಮೂರನೆಯದಾಗಿ, ಮಲೇಷ್ಯಾದ ಮಾದರಿಯಲ್ಲಿ ನಮ್ಮ ಸಂಘದಲ್ಲೂ ಒಂದು ಮರುನಾಟಿ ನಿಧಿ ಆಗಬೇಕೆಂಬ ಸಲಹೆಯನ್ನು ಮುಂದಿನ ಮಹಾಸಭೆಯ ಮುಂದಿಡಬೇಕೆಂದಿದ್ದೇನೆ. ಸಂಘದ ಮೂಲಕ ಮಾರುವ ಸರಕಿಗೆ ಧಾರಣೆ ಒಂದು ಮಟ್ಟ ದಾಟಿದಾಗ ಮಾತ್ರ ಕ್ವಿಂಟಾಲಿಗೆ ಸಣ್ಣ ಮೊತ್ತ ಕಡಿತವಾಗಬೇಕು, ಅದು ಸದಸ್ಯರ ಹೆಸರಿನಲ್ಲೇ ಬಡ್ಡಿ ಸಹಿತ ಜಮಾ ಇರಬೇಕು, ಮರುನಾಟಿಗೆ ಅಥವಾ ಹೊಸ ಉಪಬೆಳೆಗೆ ಮಾತ್ರ ಹಿಂದೆಗೆಯಬೇಕು. ಅಲ್ಲಿ ಮೊದಲು ಆದ ತಪ್ಪು ಇಲ್ಲಿ ಆಗಬಾರದು. ಎರಡೆಕರೆಯ ಸದಸ್ಯರು ಒಮ್ಮೆಗೇ ತೋಟ ಕಡಿಯದೆ ವರ್ಷಕ್ಕೆ ಹತ್ತನೆಯ ಒಂದು ಭಾಗದಂತೆ ಗಿಡ ಬದಲಿಸಲು ಅನುಕೂಲವಿರಬೇಕು, ಅವರಿಗೇ ಮೊದಲ ಆದ್ಯತೆ ಸಿಗಬೇಕು. ಧಾರಣೆ ಚೆನ್ನಾಗಿರುವಾಗ ಕಡಿತವೆಂದರೆ ಯಾರಿಗೂ ರುಚಿಸದು. ಆದರೆ ಧಾರಣೆ ಬಿದ್ದ ಮೇಲೆ ಕಡಿತ ಮಾಡಲು ಏನೂ ಉಳಿದಿರುವುದಿಲ್ಲ.

ಈ ಸಲಹೆಗೆ ವಿರೋಧವಿದ್ದವರು ತಮ್ಮ ಅಭಿಪ್ರಾಯವನ್ನು ಲಿಖಿತವಾಗಿ ಸಂಘದ ಕಚೇರಿಗೆ ಕಳುಹಿಸಿಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲಾಗುವುದು. ಮಹಾಸಭೆಗೆ ಎಲ್ಲರೂ ಬಂದು, ಕೂಲಂಕಷವಾಗಿ ಚರ್ಚಿಸಿ, ತಮ್ಮ ತೀರ್ಮಾನ ತಿಳಿಸಬೇಕೆಂದು ಕೋರುತ್ತೇನೆ.

— ಕಾರ್ಯದರ್ಶಿ